ಕಿಟಕಿಯ ಕಡೆ ಮುಖ

ಕೆಂಪು ವೈರು ಕಪ್ಪು ತೂತಿನಲ್ಲಿ, ಕಪ್ಪು ವೈರು ಕೆಂಪು ತೂತಿನಲ್ಲಿ — ಕಂಡಾಯಿತು, ಇನ್ನು ಮುಖ ಕಾಣಿಸಬಾರದು, ಅವಳು ಇಂಜಿನಿಯರಿಂಗ್ ಕಾಲೇಜಿನ ಕಂಟ್ರೋಲ್ ಲ್ಯಾಬಿನ ಕಿಟಕಿಯ ಕಡೆ ತಿರುಗಿದಳು, ಯಾಕೆಂದರೆ ಈ ಮಕ್ಕಳು ಪಾಠ ಓದುವುದಿಲ್ಲ, ಮೇಡಮ್ಮಿನ ಹುಬ್ಬು ಓದುತ್ತಾರೆ, ಚೂರು ಮೇಲೇರಿದರೆ ಸಾಕು, ವೈರು ಕಿತ್ತು ಬೇರೆಡೆ ಸಿಕ್ಕಿಸಿ ಮತ್ತೆ ಮುಖ ನೋಡುತ್ತಾರೆ. ಕೈ ಬೆನ್ನ ಹಿಂದೆ. ಮುಟ್ಟಬಾರದು, ಹೇಳಬಾರದು, ಅವಳೇ ಹಾಕಿಕೊಂಡ ಕಟ್ಟಳೆ, ಅಮ್ಮನಿಂದಾಗಿ ಹಾಕಿಕೊಂಡದ್ದು — ಕೊಡೇ ಇಲ್ಲಿ, ಕೈ ಕುಯ್ಕೋತೀಯ, ಎಂದು ಚಾಕು ಕಿತ್ತುಕೊಳ್ಳುತ್ತಿದ್ದ ಅಮ್ಮ ಈಗ ನೆಂಟರೆದುರು ನಗುತ್ತಾಳೆ, ನಮ್ಮವಳು ಮೋಟಾರು ಕುಣಿಸ್ತಾಳೆ, ಈರುಳ್ಳಿ ಹೆಚ್ಚೋಕೆ ಬರಲ್ಲ ಅಂತ. ಈ ಮಕ್ಕಳ ಕೈಯಿಂದ ಅವಳು ಏನನ್ನೂ ಕಿತ್ತುಕೊಳ್ಳುವುದಿಲ್ಲ. ಆಗುವುದಾದರೂ ಏನು, ಪ್ರತಿ ಬ್ಯಾಚೂ ಇದೇ ತಪ್ಪು ಮಾಡುತ್ತದೆ, ಮೋಟಾರು ಬೀಳದಂತೆ ನೆಟ್ಟಗೆ ನಿಲ್ಲಿಸಬೇಕಾದ ಉಕ್ಕಿನ ಕಡ್ಡಿ ಎಲ್ಲಿದೆ ಎಂಬ ಸುದ್ದಿ ಅದಕ್ಕೆ ತಿರುಗಾಮುರುಗಾ ಮುಟ್ಟುತ್ತದೆ, ಬಲಕ್ಕೆ ಜರುಗಿದ ಕಡ್ಡಿಯನ್ನು ವಾಪಸ್ ಎಳೆಯುವ ಬದಲು ಅದು ಇನ್ನಷ್ಟು ಬಲಕ್ಕೇ ನೂಕುತ್ತದೆ, ಕಡ್ಡಿ ಹುಚ್ಚೆದ್ದು ಸುತ್ತುತ್ತದೆ, ಹೋ ಎಂದು ನಗು, ಆರಿಸಿ, ಪೆಚ್ಚಾಗಿ, ತಾವೇ ಹುಡುಕುತ್ತಾರೆ, ಆಮೇಲೆ ಜನ್ಮದಲ್ಲಿ ಮರೆಯುವುದಿಲ್ಲ — ಮೇಡಂ, ಹಾಕ್ಲಾ? ಏಣಿಯ ದನಿ, ಇಡೀ ಕ್ಲಾಸು ಏಣಿ ಎಂದು ಕರೆಯುವ ಉದ್ದನೆಯ ಹುಡುಗ, ನನ್ನನ್ಯಾಕಪ್ಪಾ ಕೇಳ್ತೀಯ, ಎಂದಳು ಕಿಟಕಿಗೆ, ದನಿಯೂ ಏನನ್ನೂ ಬಿಟ್ಟುಕೊಡದಂತೆ. ಗಾಜಿನಲ್ಲಿ ಮಸುಕು ಮಸುಕಾಗಿ ಮೇಜು, ಸ್ವಿಚ್ಚಿನ ಮೇಲೆ ಅವನ ಬೆರಳು, ಜೊತೆಗಿದ್ದ ಕನ್ನಡಕದ ಹುಡುಗಿ ಬಗ್ಗುತ್ತಿದ್ದಾಳೆ, ಇರೋ, ಕಡ್ಡಿ ಎಷ್ಟು ಡಿಗ್ರಿಯಲ್ಲಿದೆ ನೋಡ್ಕೋತೀನಿ, ಕಡ್ಡಿಯ ಮಟ್ಟಕ್ಕೇ ಕಣ್ಣು — ಯಾವ ಬ್ಯಾಚಿನಲ್ಲೂ ಯಾರೂ ಹೀಗೆ ಬಗ್ಗಿರಲಿಲ್ಲ — ಹೇಳು, ಈಗ ಹೇಳು, ತಡಿ ಅನ್ನು, ಎರಡಕ್ಷರ, ಬೆನ್ನ ಹಿಂದೆ ಬೆರಳಿಗೆ ಬೆರಳು ಕಚ್ಚಿಕೊಂಡಿದೆ, ಬಿಡುತ್ತಿಲ್ಲ — ಗೊಂಯ್.

ತಿರುಗುವಷ್ಟರಲ್ಲಿ ಏಣಿ ಆರಿಸಿದ್ದ. ಕನ್ನಡಕ ನೆಲದ ಮೇಲೆ, ಎಡಗಾಜು ಸೀಳಿ, ಅವಳು ಓಡಿ ಹುಡುಗಿಯ ಗದ್ದ ಎತ್ತಿ ಹಿಡಿದಳು, ಕಣ್ಣಿದೆ, ಎರಡೂ ಇವೆ, ಹುಬ್ಬಿನ ಕೆಳಗೆ ತೆಳ್ಳನೆಯ ಕೆಂಪು ಗೆರೆ, ಅಷ್ಟೇ, ಅಷ್ಟೇನಾ, ಹಿಂದಿನಿಂದ ಏಣಿ ಬಿಳಿಚಿಕೊಂಡು, ವೈರು ಅದಲುಬದಲು ಆಗಿತ್ತು ಮೇಡಂ, ಈಗ ಗೊತ್ತಾಯ್ತು — ಗೊತ್ತಾಯಿತು, ತಾನೇ ಹುಡುಕಿದ, ಅವಳು ಬಯಸಿದ್ದು ಇದನ್ನೇ. ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ, ಎಂದಳು ಹುಡುಗಿ, ಸಿಟ್ಟಿಲ್ಲದೆ, ಲೆಕ್ಕದ ಉತ್ತರ ಕೇಳುವ ಹಾಗೆ. ಗೊತ್ತಿತ್ತಮ್ಮ, ಎಂದಳು, ಮುಂದೆ ಏನೋ ಹೇಳುವುದಿತ್ತು, ಯಾಕೆ ಸುಮ್ಮನಿದ್ದೆ ಎಂದು, ಕಲಿಯಲಿ ಎಂದು, ಕಿತ್ತುಕೊಳ್ಳಬಾರದೆಂದು — ಗಾಜಿಲ್ಲದ ಆ ಕಣ್ಣು ಅವಳನ್ನೇ ನೋಡುತ್ತಿದೆ, ನಿಂತ ಕಡ್ಡಿ ಅವಳ ತಲೆಯೊಳಗೆ ಸುತ್ತಿ ಬರುತ್ತದೆ, ರೆಪ್ಪೆ ಮುಚ್ಚುತ್ತಿಲ್ಲ, ಕಡ್ಡಿ ಮತ್ತೆ ಬರುತ್ತದೆ, ರೆಪ್ಪೆ ಮುಚ್ಚುತ್ತಿಲ್ಲ, ಕಡ್ಡಿ