ಬೆಟ್ಟಮ್ಮ ಮುಚ್ಚಿದ ಕಿಟಕಿ

ಗಾಳಿ ಒಡೀತದೆ ಕಣವ್ವ, ಮುಚ್ಚು ಅದ್ನ, ಎನ್ನುತ್ತಲೇ ಮುಂದಿನ ಸೀಟಿನ ಹೆಂಗಸು ತಾನೇ ಕೈ ಚಾಚಿ ನನ್ನ ಕಿಟಕಿಯ ಗಾಜು ಎಳೆದುಬಿಟ್ಟಳು — ಎಲ್ಲರಿಗೂ ಗಾಳಿಯೇ ಶತ್ರು, ನಾನೊಬ್ಬಳು ಕಿಟಕಿ ತೆಗೀರಿ ತೆಗೀರಿ ಎಂದು ಊರೂರಲ್ಲಿ ಗಂಟಲು ಹರಿದುಕೊಂಡು ಟಿ.ಬಿ. ಮೇಡಂ ಅನ್ನಿಸಿಕೊಂಡವಳು, ಈಗ ಕೆ.ಆರ್. ಪೇಟೆಯಿಂದ ಕಿಕ್ಕೇರಿಯ ಬಸ್ಸಲ್ಲಿ, ಆಯಾ ಬೆಟ್ಟಮ್ಮನ ಮನೆಗೆ, ಚೀಲದಲ್ಲಿ ಮಾತ್ರೆ. ಆಸ್ಪತ್ರೆಯ ಆಯಾಗಳಲ್ಲಿ ಟಿ.ಬಿ. ಮೊದಲು ಚಿಕ್ಕಬೋರಮ್ಮನಿಗೆ ಬಂತು, ಆಮೇಲೆ ಅನುಗೆ, ಏಳು ತಿಂಗಳ ಬಸುರಿ, ಅವಳು ಕೇಳಿದ್ದು ಒಂದೇ, ಮಗೀಗೆ ಏನೂ ಆಗಲ್ಲ ಅಲ್ವಾ ಮೇಡಂ, ಆಗಲ್ಲ, ಮಾತ್ರೆ ತಪ್ಪಿಸಬೇಡ ಅಂದೆ, ಹೊರಗೆ ಬಂದು ಅತ್ತೆ. ವಾರ್ಡಿನಿಂದಲೇ ಹತ್ತಿದ್ದು ಎಂದು ಎಲ್ಲರ ಮಾತು, ನಾನೂ ಅಲ್ಲೇ ಹುಡುಕಿದೆ, ಆದರೆ ವಾರ್ಡಿನಲ್ಲಿ ಇವರು ಮಾಸ್ಕು ತೆಗೆಯುವವರೇ ಅಲ್ಲ — ಮತ್ತೆಲ್ಲಿ ತೆಗೀತೀರಿ ಅಂದರೆ ಅನು ಬೆಡ್‌ಶೀಟಿನ ಕೋಣೆ ತೋರಿಸಿದಳು, ಮೂವರೂ ಗೋಡೆಗೊರಗಿ ಮಧ್ಯಾಹ್ನ ಮುದ್ದೆ ಉಣ್ಣುವ ಕೋಣೆ, ಇರುವುದೊಂದೇ ಕಿಟಕಿ, ಚಿಲಕ ಮುರಿದಿದೆ, ಕದವನ್ನು ಸರಳಿಗೆ ಎಳೆದು ಬಿಳಿ ಬ್ಯಾಂಡೇಜು ಸುತ್ತಿ ಗಂಟು, ಗಂಟಿನ ಮೇಲೆ ಗಂಟು. ಯಾರು ಕಟ್ಟಿದ್ದು? ಬೆಟ್ಟಮ್ಮಕ್ಕ, ಬಸುರಿ ಉಣ್ಣೋದ ಯಾರಾದ್ರೂ ನೋಡುದ್ರೆ ಕಣ್ಣಾಯ್ತದೆ ಅಂತ, ಬಿಚ್ಚುದ್ರೆ ಬೈತದೆ, ತನ್ನ ಮುದ್ದೇಲಿ ಅರ್ಧ ಮುರ್ದು ನನ್ ತಟ್ಟೆಗಾಕ್ತದೆ. ಕೆಮ್ಮುತ್ತಾಳಾ? ಅದು ಫಿನಾಯಿಲ್ ಕೆಮ್ಮು ಮೇಡಂ, ಎಲ್ರಿಗಿಂತ ಮೊದ್ಲಿಂದ ಐತೆ.

ಫಿನಾಯಿಲ್ ಕೆಮ್ಮು! ಯಾರಿಗೆ ಬೈಯಲಿ, ಗಂಟು ಬಿಚ್ಚಹೋದರೆ ಉಗುರು ಮುರಿಯಿತು, ಅಷ್ಟು ಬಿಗಿ, ನನ್ನನ್ನು ಯಾರೂ ಅಷ್ಟು ಬಿಗಿಯಾಗಿ ಕಾದಿಲ್ಲ, ಹೊಟ್ಟೆಕಿಚ್ಚೇ ಆಯಿತು. ನಾಳೆ ಕೊಡ್ತೀನಿ ನಾಳೆ ಕೊಡ್ತೀನಿ ಎಂದು ತಪ್ಪಿಸಿಕೊಂಡ ಬೆಟ್ಟಮ್ಮ ಕೊನೆಗೆ ಕಫ ಕೊಟ್ಟಳು, ನಿನ್ನೆ ರಿಪೋರ್ಟು ಬಂತು, ಟಿ.ಬಿ., ಎಕ್ಸ್‌ರೇಯಲ್ಲಿ ತುಂಬ ಹಳೆಯ ಗಾಯ, ಅನುವಿನದಕ್ಕಿಂತ ಎಷ್ಟೋ ಹಳೆಯದು. ಮಾತ್ರೆ ಕೊಟ್ಟು ಸುಮ್ಮನೆ ಬಂದುಬಿಡಲೇ, ಅನುವಿನ ಮಾತೇ ಎತ್ತದೆ — ಎತ್ತದಿದ್ದರೆ ಇನ್ನೊಂದು ಕಿಟಕಿ ಕಟ್ಟುತ್ತಾಳೆ, ಎತ್ತಿದರೆ ಇವಳು ಬದುಕುತ್ತಾಳೆಯೇ, ಕಿಕ್ಕೇರಿ ಕಿಕ್ಕೇರಿ, ಕಂಡಕ್ಟರ್ ಕೂಗುತ್ತಾನೆ, ಇಳಿದೆ, ಬಿಸಿಲು, ಜಗಲಿಯ ಮೇಲೇ ಕೂತಿದ್ದಾಳೆ, ಎದೆಯ ಮೂಳೆ ಎಣಿಸಬಹುದು, ಬಾವ್ವ ಒಳಿಕೆ, ಗಾಳಿ ಐತೆ, ಬಾಗಿಲು ಮುಚ್ಚುತ್ತಾಳೆ, ನಾನು ತೆಗೆಯುತ್ತೇನೆ, ಕೆಮ್ಮುತ್ತಾಳೆ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಪೊಟ್ಟಣವೊಂದನ್ನು ನನ್ನ ಕೈಗಿಡುತ್ತಾಳೆ, ಅನೂಗೆ ತಂಬಿಟ್ಟು ಮಾಡಿವ್ನಿ, ಕೊಟ್ಬುಡವ್ವ, ಬಸುರಿ ಆಸೆ ಪಟ್ಟಿದ್ಲು, ದಾರೀಲಿ ಯಾರ ಕಣ್ಣಿಗೂ ತೋರುಸ್ಬ್ಯಾಡ, ಮತ್ತೆ ಪತ್ತೆ ಆಯ್ತಾ, ಯಾವ ಪಾಪಿ ಮುಂಡೆ ಆ ಹೆಣ್ಮಗೀಗೆ ಹತ್ತುಸ್ದೋಳು, ಸಿಕ್ಕುದ್ರೆ ಸುಮ್ಕೆ ಬುಡ್ಬ್ಯಾಡ ಕಣವ್ವ — ಹೇಳಬೇಕು, ಈಗಲೇ ಹೇಳಬೇಕು, ಬಾಯಿ ತೆರೆದಿದ್ದೇನೆ, ಕೈಯಲ್ಲಿ ಪೊಟ್ಟಣ, ಪೊಟ್ಟಣಕ್ಕೆ ಸುತ್ತಿದ ಬಿಳಿ ಬ್ಯಾಂಡೇಜು, ಗಂಟು, ಗಂಟಿನ ಮೇಲೆ ಗಂಟು