ಕುವೈತಿಗೆ ಐದು ಗಂಟೆ

ಕಿಟಕಿಯ ಸರಳು ಕೆನ್ನೆಗೆ ತಣ್ಣಗೆ ತಾಗುತ್ತಿದೆ, ಮಡಕಶಿರ ವಾಳ್ಳು ದಿಗಂಡಮ್ಮಾ ಅಂತ ಕಂಡಕ್ಟರು ತೆಲುಗಿನಲ್ಲಿ ಇಳಿಯುವವರನ್ನು ಕೂಗುತ್ತಿದ್ದಾನೆ, ನರಸಕ್ಕ ಇಳಿಯುವುದು ಕಲ್ಯಾಣದುರ್ಗದಲ್ಲಿ, ಇನ್ನೂ ದೂರವಿದೆ, ದೂರ ಅಂದರೆ ಎಷ್ಟು — ಪಕ್ಕದ ಸೀಟಿನ ಕಾಲೇಜು ಹುಡುಗಿ ಕೀರ್ತನಾ ಫೋನು ಉಜ್ಜಿ ಹೇಳಿದ್ದು ಕಿವಿಯಲ್ಲೇ ಕೂತಿದೆ, ಬೆಂಗಳೂರಿಂದ ಕುವೈತಿಗೆ ಮೂರೂವರೆ ಸಾವಿರ ಕಿಲೋಮೀಟರು ಅಜ್ಜಿ, ವಿಮಾನದಾಗೆ ಐದೇ ಗಂಟೆ. ಐದು ದಿನವೇನೇ? ದಿನ ಅಲ್ಲಜ್ಜಿ, ಗಂಟೆ, ಗಂಟೆ. ಅಲ್ಲಿ ಯಾರದೋ ಮನೆಯಲ್ಲಿ ಅಡುಗೆ ಮಾಡುವ ಮಗಳು ಶೋಭಾರಾಣಿ, ನಿನ್ನೆ ಸಾಯಂಕಾಲ ನರಸಕ್ಕನೇ ಹಿಂದೂಪುರದಲ್ಲಿ ಬೆಂಗಳೂರಿನ ಬಸ್ಸು ಹತ್ತಿಸಿ ಕಳಿಸಿದ್ದ ಕೂಸು, ಇವತ್ತು ಬೆಳಗ್ಗೆ ಕಾಫಿ ಆರುವ ಮುಂಚೆ ಫೋನು ಮಾಡಿದ್ದಳು, ತಲುಪ್ದೆ ಕಣಮ್ಮ — ಅದಕ್ಕೇ ಅಲ್ಲವೇ ಈ ಹುಡುಗಿಯನ್ನು ಕೇಳಿದ್ದು. ಐದು ಗಂಟೆ. ಈ ಬಸ್ಸಿನಲ್ಲಿ ಹಿಂದೂಪುರಕ್ಕೆ ಹೋಗಿ ಬರುವಷ್ಟು ಹೊತ್ತೂ ಅಲ್ಲ. ಎಲ್ಡು ದಿನ ಅತ್ತಿಗೆ, ಕಡಲು ದಾಟಿ ಬರ್ಬೇಕಲ್ಲ, ಎಲ್ಡು ದಿನ ಅಂದ್ರೂ ಕಮ್ಮೀನೇ, ಈ ಬಿಸ್ಲಾಗೆ ಹೆಣ ತಡೀತದಾ — ಮೈದುನ ಗಂಗುಲಪ್ಪ, ಬೇವಿನ ಕೆಳಗೆ, ಮೂರು ತಿಂಗಳ ಹಿಂದೆ, ಗಂಡ ಓಬಣ್ಣ ಚಾಪೆಯ ಮೇಲೆ ಎದ್ದೇಳದೆ ಮಲಗಿದ್ದ ಬೆಳಗ್ಗೆ. ನರಸಕ್ಕ ತಲೆಯಾಡಿಸಿದ್ದಳು. ಹಿಂದೂಪುರಕ್ಕೇ ಮೂರು ಗಂಟೆ ಬೇಕು, ಕಡಲಿಗೆ ಎರಡು ದಿನ ಬೇಡವೇ. ನನ್ನ ಹೆಣದ ಮುಂದೆ ಬೆಂಕಿ ಕುಡಿಕೆ ಮಗಳೇ ಹಿಡೀಬೇಕು ಅಂತ ಓಬಣ್ಣ ನಾಲ್ಕು ಜನರೆದುರು ಅಂದಿದ್ದ, ಹೆಂಗ್ಸು ಕುಡಿಕೆ ಹಿಡಿದ್ರೆ ನಾನು ಊರಾಗೆ ಸೀರೆ ಉಟ್ಕೊಂಡು ಓಡಾಡ್ಲೇನಣ್ಣ ಅಂತ ಗಂಗುಲಪ್ಪ ನಕ್ಕಿದ್ದ, ತಮಾಷೆ ಅಂದುಕೊಂಡಿದ್ದಳಲ್ಲ. ಕುಡಿಕೆ ಹಿಡಿದದ್ದು ಅವನ ಮಗ ಮಧು. ಫೋನು ಗಂಗುಲಪ್ಪನ ಕೈಯಲ್ಲೇ ಇತ್ತು, ರಾತ್ರಿಗೆ ಬತ್ತೀನಿ ಚಿಕ್ಕಪ್ಪ, ಅಪ್ಪನ್ನ ಇರ್ಸಿ ಅಂದಿರಬೇಕು ಕುವೈತಿಂದ ಕೂಸು, ಮಣ್ಣಾಗೋಯ್ತು ಕಣಮ್ಮ, ನಿಧಾನಕ್ಕೆ ಬಾ ಅಂದ, ಹೆಣ ಇನ್ನೂ ಅಂಗಳದಲ್ಲೇ ಇತ್ತು, ನರಸಕ್ಕನಿಗೆ ಕೇಳಿಸಿತ್ತು, ಹೇಗೂ ಹೊತ್ತಿಗೆ ಬಂದು ಮುಟ್ಟಲಾರದ ಮಗು ದಾರಿಯುದ್ದಕ್ಕೂ ಹಂಬಲಿಸದಿರಲಿ ಅಂತ ಹೇಳಿದನೇನೋ, ಒಳ್ಳೆಯವನು ಅಂದುಕೊಂಡಿದ್ದಳು, ಒಳ್ಳೆಯವನು — ಈಗ ಅವಳ ಫೋನು ಮಡಿಲಲ್ಲಿ ನಡುಗುತ್ತದೆ, ಅತ್ತಿಗೆ ಎಲ್ಲಿದೀಯ, ಬಸ್‌ಸ್ಟಾಂಡಿಗೆ ಮಧೂನ ಕಳಿಸ್ತೀನಿ, ನೀನು ನಡೀಬ್ಯಾಡ. ಗಂಗುಲೂ, ಐದು ಗಂಟೆ ಅಂತೆ ಕಣಪ್ಪ. ಏನು? ಕುವೈತಿಂದ ಬರಾಕೆ. ಅತ್ತ ಬೀಡಿ ಎಳೆದ ಸದ್ದು. ಟವರ್ ಸಿಗ್ತಿಲ್ಲ ಅತ್ತಿಗೆ. ಅವತ್ತು, ಮೂರನೇ ದಿನ ಮಣ್ಣಿಗೆ ಹಾಲು ಬಿಡುವ ಹೊತ್ತಿಗೆ ಬಂದ ಮಗಳು, ಹೆಗಲಿನ ಬ್ಯಾಗೂ ಇಳಿಸದೆ, ಮುಷ್ಟಿಯಲ್ಲಿ ಅಕ್ಕಿ, ಹೂಳುವ ಮುಂಚೆ ಅಪ್ಪನ ಬಾಯಿಗೆ ಇಡಬೇಕಾಗಿದ್ದ ಅಕ್ಕಿ, ಮಣ್ಣಿನ ಗುಡ್ಡೆಯ ಸುತ್ತ ಸುತ್ತುತ್ತಾ, ಅಪ್ಪನ ಬಾಯಿ ಎಲ್ಲಿ ಬತ್ತದಮ್ಮ, ನರಸಕ್ಕ ಅಂದಾಜಿಗೆ ಬೆರಳು ತೋರಿಸಿದ್ದಳು, ಇಲ್ಲೇ ಕಣಮ್ಮ, ಇಲ್ಲೇ ಇರ್ಬೇಕು, ಅವಳು ಬಗ್ಗಿ ಬೆರಳಿನಿಂದ ಮಣ್ಣು ಸರಿಸಿ, ಬಾಯಿಯಷ್ಟೇ ಅಗಲಕ್ಕೆ, ಅಕ್ಕಿ ಸುರಿದು, ಮುಚ್ಚದೆ — ಬಾಯಿಯಷ್ಟೇ ಅಗಲದ ಗುಳಿ, ಅದರ ತುಂಬ ಬಿಳೀ ಅಕ್ಕಿ, ಬಾಯಿಯಷ್ಟೇ ಅಗಲ, ಅಕ್ಕಿ —