ಎಡಬದಿಯ ಚೆಂಡು

ಶಿವಯೋಗಪ್ಪನವರು ಮೊಮ್ಮಗಳನ್ನು ಕರೆದುಕೊಂಡು ಕೊಟ್ಟೂರಿನ ಶಾಲಾ ಮೈದಾನಕ್ಕೆ ಬಂದಾಗ ಕ್ರಾಂತಿ ಮಕ್ಕಳಿಗೆ ಮಗ್ಗಿ ಆಟ ಆಡಿಸುತ್ತಿದ್ದಳು. ನೆಟ್ಟಿನ ಎರಡೂ ಬದಿಗೆ ಒಬ್ಬೊಬ್ಬರು ನಿಂತು, ಚೆಂಡು ಹೊಡೆದಾಗೊಮ್ಮೆ ಏಳರ ಮಗ್ಗಿಯ ಒಂದೊಂದು ಸಾಲು ಹೇಳಬೇಕು. ಚೆಂಡು ತಪ್ಪಿದರೂ ಔಟ್, ಮಗ್ಗಿ ತಪ್ಪಿದರೂ ಔಟ್. ಕ್ರಾಂತಿ ಆ ಶಾಲೆಯ ಪಿ.ಟಿ. ಟೀಚರ್. ಟೆನಿಸ್ಸನ್ನು ಇಂಥ ಆಟಗಳಿಂದಲೇ ಕಲಿಸುತ್ತಾಳೆ, ಕತ್ತಲಾದರೂ ಮಕ್ಕಳು ಮನೆಗೆ ಹೋಗಲು ಒಪ್ಪುವುದಿಲ್ಲ ಎಂದು ಕೂಡ್ಲಿಗಿಯಿಂದ ಹಡಗಲಿಯವರೆಗೆ ಹೆಸರಾಗಿತ್ತು.

ಮುದುಕನನ್ನು ಅವಳು ನಡಿಗೆಯಲ್ಲೇ ಗುರುತು ಹಿಡಿದಳು. ಹಗರಿಬೊಮ್ಮನಹಳ್ಳಿಯ ಎಣ್ಣೆ ಮಿಲ್ಲಿನ ಮಾಲೀಕ, ಒಂದು ಕಾಲಕ್ಕೆ ಅಲ್ಲಿನ ಕ್ಲಬ್ಬಿನ ಕಾರ್ಯದರ್ಶಿ. ಅವರಿಗೆ ಅವಳ ಗುರುತು ಹತ್ತಲಿಲ್ಲ.

"ನಿಮ್ಮ ಹೆಸರು ಬಾಳ ಕೇಳೀನ್ರಿ ಮೇಡಂ," ಎಂದರು. "ಈಕಿ ನನ್ನ ಮಗಳು ಸುಕನ್ಯಾನ ಮಗಳು, ಅಮೃತಾ. ಹರಪನಹಳ್ಳಿ ಟೂರ್ನಮೆಂಟಿನಾಗ ಈಕಿ ಗೆಲ್ಲಬೇಕು ನೋಡ್ರಿ. ಊರಾಗ ಎಲ್ಲಾರ್ಗೂ ಹೇಳಿಬಿಟ್ಟೀನಿ."

ತನ್ನದು ಹಂಪಸಾಗರ, ತಂದೆಯ ಹೆಸರು ಹುಲುಗಪ್ಪ ಎಂದು ಕ್ರಾಂತಿ ಬೇಕೆಂದೇ ಹೇಳಿ ಅವರ ಮುಖ ನೋಡಿದಳು. ಹೊಳಿ ದಂಡಿಯ ಊರು, ಚಲೋ ಊರು ಎಂದು ಅವರು ತಲೆಯಾಡಿಸಿದರು. ಅಷ್ಟೇ.

ಅದು ಹದಿನೆಂಟು ವರ್ಷ ಹಿಂದಿನ ಮಾತು, ಕ್ರಾಂತಿಗಾಗ ಹದಿನಾರು ವರ್ಷ. ತಂದೆ ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಜವಾನ. ಕಚೇರಿಯ ಹಿಂದಿನ ಗೋಡೆಗೆ ಅವಳು ಚೆಂಡು ಹೊಡೆಯುವುದನ್ನು ನೋಡಿದ ಸಾಹೇಬರೊಬ್ಬರು ಕ್ಲಬ್ಬಿನ ಕೋರ್ಟಿನಲ್ಲಿ ಆಡಲು ಅವಕಾಶ ಕೊಡಿಸಿದ್ದರು. ಅವಳ ಜೊತೆಗಾತಿ ಸುಕನ್ಯಾ. ದಿನವೂ ಇಬ್ಬರೂ ಆಡುತ್ತಿದ್ದರು, ಹೆಚ್ಚಾಗಿ ಕ್ರಾಂತಿಯೇ ಗೆಲ್ಲುತ್ತಿದ್ದಳು. ಬಳ್ಳಾರಿಯಲ್ಲಿ ವಿಭಾಗದ ತಂಡಕ್ಕೆ ಆಯ್ಕೆ ಇದ್ದಾಗ ಶಿವಯೋಗಪ್ಪನವರು ತಮ್ಮ ಜೀಪಿನಲ್ಲೇ ಇಬ್ಬರನ್ನೂ ಕರೆದೊಯ್ಯುವುದಾಗಿ ಹೇಳಿ, ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿಗೆ ಬರಲು ತಿಳಿಸಿದರು. ಅವಳು ಅದಕ್ಕೂ ಮೊದಲೇ ಹೋಗಿ ನಿಂತಳು. ಜೀಪು ಆರಕ್ಕೇ ಹೋಯಿತಲ್ಲ ಎಂದು ಚಹಾದಂಗಡಿಯವನು ಹೇಳಿದ. ಸಿಕ್ಕ ಬಸ್ಸು ಹತ್ತಿ ಬಳ್ಳಾರಿ ತಲುಪುವಷ್ಟರಲ್ಲಿ ಆಯ್ಕೆ ಮುಗಿದಿತ್ತು. ತಂಡದಲ್ಲಿ ಸುಕನ್ಯಾಳ ಹೆಸರಿತ್ತು.

ಮರುದಿನ ತಂದೆ ಕೇಳಲು ಹೋದ. ಕ್ಲಬ್ಬಿನ ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತ ಅವನಿಗೆ ಶಿವಯೋಗಪ್ಪನವರು ಕುಳಿತಲ್ಲಿಂದಲೇ ಉತ್ತರ ಕೊಟ್ಟರು: "ಜೀಪಿನಾಗ ಜಾಗ ಇರ್ಲಿಲ್ಲೋ ಹುಲುಗಪ್ಪ. ನಿಮ್ಮ ಹುಡುಗಿಗೆ ಇದೆಲ್ಲಾ ಯಾಕ ಬೇಕು?" ಆಮೇಲೆ ಕ್ಲಬ್ಬಿನ ಗೇಟು ಅವಳಿಗೆ ತೆರೆಯಲಿಲ್ಲ. ತಂದೆ ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಇಷ್ಟನ್ನೂ ಎದೆಯಲ್ಲಿ ಇಟ್ಟುಕೊಂಡೇ ಕ್ರಾಂತಿ, ನಾಳೆಯಿಂದ ಹುಡುಗಿಯನ್ನು ಕಳಿಸಿರಿ ಎಂದಳು.

ಅಮೃತಾಗೆ ಹನ್ನೆರಡು ವರ್ಷ. ಚುರುಕು ಕಾಲು, ಬಲವಾದ ತೋಳು, ಸೋತರೂ ನಗುವ ಸ್ವಭಾವ. ಮೊದಲ ವಾರದಲ್ಲೇ ಕ್ರಾಂತಿಗೆ ಅವಳ ಕುಂದು ಕಾಣಿಸಿತು. ಎಡಬದಿಗೆ ಬಂದ ಚೆಂಡಿಗೆ ಹೊಡೆಯುವ ಬ್ಯಾಕ್‌ಹ್ಯಾಂಡ್ ಹುಡುಗಿಗೆ ಬರುತ್ತಿರಲಿಲ್ಲ. ಬೇರೆ ಮಗುವಾಗಿದ್ದರೆ ಅಂದೇ ಅದಕ್ಕೆ ತಕ್ಕ ಆಟ ಹೂಡುತ್ತಿದ್ದಳು. ಈ ಹುಡುಗಿಗೆ ಅವಳು ಬೇರೆ ಸಮಯ ಕೊಟ್ಟಳು, ಬೇರೆ ನಿಯಮ ಮಾಡಿದಳು.

ಬಣ್ಣದ ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಬೀಳಿಸುವ ಆಟದಲ್ಲಿ ಚೆಂಡನ್ನು ಹುಡುಗಿಯ ಬಲಕ್ಕೇ ಎಸೆದಳು. ಒಂದಿಬ್ಬರು ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು ಆಡಿಸುವ, ಗೆದ್ದವರು ರಾಜರಾಗಿ ಆಚೆ ಬದಿಯಲ್ಲೇ ಉಳಿಯುವ ಆಟದಲ್ಲಿ ಬಲಬದಿಯ ಹೊಡೆತಕ್ಕೆ ಎರಡು ಅಂಕ, ಎಡಬದಿಯದಕ್ಕೆ ಏನೂ ಇಲ್ಲ. ಎಡಕ್ಕೆ ಚೆಂಡು ಬಂದರೆ ಸುತ್ತು ಹಾಕಿ ಓಡಿ, ಬಲಗಡೆಯಿಂದಲೇ ಹೊಡೆಯಲು ಕಲಿಸಿದಳು. ಅಮೃತಾಳ ಓಟಕ್ಕೆ ಅದು ಸಾಧ್ಯವೂ ಆಗುತ್ತಿತ್ತು. ಪ್ರತಿ ಆಟದಲ್ಲೂ ಅವಳೇ ರಾಜ. ಗೆದ್ದಾಗಲೆಲ್ಲ ಓಡಿಬಂದು ಕ್ರಾಂತಿಯ ಸೊಂಟ ತಬ್ಬುತ್ತಿದ್ದಳು. ಆಗ ಕ್ರಾಂತಿ ಮೈ ಬಿಗಿ ಮಾಡಿಕೊಂಡು, ಮೆಟ್ಟಿಲ ಕೆಳಗೆ ನಿಂತ ತಂದೆಯನ್ನು ನೆನೆಯುತ್ತಿದ್ದಳು. ನೆನೆದರೆ ಮನಸ್ಸು ಮತ್ತೆ ಗಟ್ಟಿಯಾಗುತ್ತಿತ್ತು.

ಹರಪನಹಳ್ಳಿಯ ಪಂದ್ಯಾವಳಿಗೆ ಶಿವಯೋಗಪ್ಪನವರು ಎರಡು ಗಾಡಿಗಳ ತುಂಬ ನೆಂಟರನ್ನು, ಮಿಲ್ಲಿನವರನ್ನು ಕರೆತಂದರು. ಹಂಚಲು ಪೇಡೆಯ ಡಬ್ಬಿಗಳೂ ಬಂದಿದ್ದವು. ಮೊದಲ ಪಂದ್ಯಗಳನ್ನು ಅಮೃತಾ ಓಡಿ ಓಡಿ ಗೆದ್ದಳು. ಫೈನಲ್ಲಿನಲ್ಲಿ ಎದುರಾಳಿ ಹಡಗಲಿಯ ಒಬ್ಬ ಹುಡುಗಿ. ಅವಳ ಕೋಚ್ ಪ್ರವೀಣಕುಮಾರ್ ನೀರಿನ ಡ್ರಮ್ಮಿನ ಹತ್ತಿರ ಒಬ್ಬನೇ ಸಿಕ್ಕಾಗ ಕ್ರಾಂತಿ ಮೆಲ್ಲಗೆ, "ಎಡಕ್ಕ ಹೊಡಸ್ರಿ, ಬರೇ ಎಡಕ್ಕ," ಎಂದಳು.

"ಆಕಿ ನಿಮ್ಮ ಹುಡುಗಿ ಅಲ್ಲೇನ್ರಿ?" ಎಂದ ಅವನು. ಕ್ರಾಂತಿ ಹೋಗಿ ಕುರ್ಚಿಯಲ್ಲಿ ಕುಳಿತಳು.

ಚೆಂಡುಗಳೆಲ್ಲ ಎಡಕ್ಕೇ ಬಂದವು. ಅಮೃತಾ ಸುತ್ತು ಹಾಕಿ ಓಡಿದಳು. ಓಡಿದಷ್ಟೂ ಬಲಬದಿ ಬಯಲಾಯಿತು. ಸ್ವಲ್ಪ ಹೊತ್ತಿಗೆ ಕಾಲು ಸೋತವು. ಎಡಗಡೆಯಿಂದ ಹೊಡೆಯಲು ನೋಡಿದರೆ ಚೆಂಡು ಒಮ್ಮೆ ನೆಟ್ಟಿಗೆ, ಒಮ್ಮೆ ಬೇಲಿಯಾಚೆಗೆ. ನೆಂಟರ ಗುಂಪಿನಲ್ಲಿ ಯಾರೋ ನಕ್ಕರು. ಹುಡುಗಿ ಪ್ರತಿ ಅಂಕ ಕಳೆದುಕೊಂಡಾಗಲೂ ಕ್ರಾಂತಿಯ ಕಡೆ ನೋಡುತ್ತಿದ್ದಳು. ಕ್ರಾಂತಿ ನೋಡುತ್ತಿದ್ದದ್ದು ಶಿವಯೋಗಪ್ಪನವರ ಮುಖವನ್ನು. ಆ ಮುಖ ಕಪ್ಪಿಟ್ಟಂತೆಲ್ಲ ಅವಳಿಗೆ ಹಸಿದ ಹೊಟ್ಟೆಗೆ ಅನ್ನ ಬಿದ್ದಂತೆ ಆಗುತ್ತಿತ್ತು.

ಪಂದ್ಯ ಮುಗಿದ ಮೇಲೆ ಮುದುಕ ಎಲ್ಲರೆದುರೇ ಮೊಮ್ಮಗಳನ್ನು ಬಯ್ದರು, ಮಾನ ಕಳೆದೆ ಎಂದರು. ಕ್ರಾಂತಿ ಎದ್ದು ಅವರ ಮುಂದೆ ನಿಂತಳು.

"ಆಕಿನ ಬಯ್ಯಬ್ಯಾಡ್ರಿ. ಎಡಗಡಿ ಹೊಡೆಯೋದು ನಾನು ಕಲಸ್ಲಿಲ್ಲ. ಬೇಕಂತಲೇ ಕಲಸ್ಲಿಲ್ಲ. ಏಳಕ್ಕ ಬಾ ಅಂತ ಹೇಳಿ ಆರಕ್ಕ ಜೀಪ್ ಬಿಟ್ರಲ್ಲ, ಆ ಹುಲುಗಪ್ಪನ ಮಗಳು ನಾನು."

ಹದಿನೆಂಟು ವರ್ಷಗಳಿಂದ ಅವಳು ಈ ಮಾತನ್ನು ಒಳಗೊಳಗೇ ಹೇಳಿಕೊಂಡು ಬಂದಿದ್ದಳು. ಕೇಳಿದ ಮುದುಕ ಬೆವರಬೇಕು, ತಲೆ ತಗ್ಗಿಸಬೇಕು ಎಂದುಕೊಂಡಿದ್ದಳು. ಶಿವಯೋಗಪ್ಪನವರು ಹುಬ್ಬು ಗಂಟಿಕ್ಕಿ ಯೋಚಿಸಿದರು.

"ಯಾವ ಜೀಪು?" ಎಂದರು. ನಾಟಕವಲ್ಲ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ.

ಅವರ ಹಿಂದೆ ನಿಂತಿದ್ದ ಸುಕನ್ಯಾಳಿಗೆ ನೆನಪಿತ್ತು. ಮಗಳ ಟೀಚರನ್ನು ಅವಳು ಕಣ್ಣಾರೆ ನೋಡಿದ್ದು ಅಂದೇ ಮೊದಲು. ತಂದೆಯನ್ನು ಗಾಡಿಯ ಕಡೆ ಕಳಿಸಿ ಹತ್ತಿರ ಬಂದಳು.

"ಅವತ್ತು ನೀ ಬರದಿದ್ದಕ್ಕ ನನಗ ಖುಷಿ ಆಗಿತ್ತು ಕ್ರಾಂತಿ," ಎಂದಳು. "ಸುಳ್ಳ್ಯಾಕ ಹೇಳ್ಲಿ. ಸಿಟ್ಟು ನನ್ನ ಮ್ಯಾಲ ತೀರಿಸ್ಕೋಬೇಕಿತ್ತು. ಈಕಿ ಏನು ಮಾಡ್ಯಾಳ?"

ಬೆಂಚಿನ ಮೇಲೆ ಟವೆಲು ಹಿಡಿದು ಕುಳಿತಿದ್ದ ಅಮೃತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳುತ್ತಿರಲಿಲ್ಲ.

"ಮತ್ತ ಆ ಆಟ ಎಲ್ಲಾ?" ಎಂದು ಕೇಳಿದಳು. "ನಾನು ರಾಜ ಆಗಿದ್ದೆಲ್ಲಾ ಸುಳ್ಳೇನು ಮಿಸ್?"

ಕ್ರಾಂತಿ ಬಗ್ಗಿ ಬೆಂಚಿನ ಸುತ್ತ ಬಿದ್ದ ಚೆಂಡುಗಳನ್ನು ಆರಿಸತೊಡಗಿದಳು.

ಊರಿಗೆ ಬಂದ ಮೇಲೆ ಕೆಲವು ದಿನ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವರ ಮಾನ ಎಲ್ಲರೆದುರು ಹೋಯಿತಲ್ಲ, ಅಷ್ಟು ಸಾಕು ಎಂದಳು. ಆ ಮಾತು ಸುಳ್ಳೂ ಆಗಿರಲಿಲ್ಲ. ಮುದುಕ ಮುಖ ಕಪ್ಪಗೆ ಮಾಡಿಕೊಂಡು ಕುಳಿತದ್ದನ್ನು ನೆನೆದರೆ ಈಗಲೂ ಹಿತವಾಗುತ್ತಿತ್ತು. ಆದರೆ ಮಕ್ಕಳು ಮಗ್ಗಿ ಆಟಕ್ಕೆ ಕರೆದಾಗ ಮೊದಲಿನ ಹುಮ್ಮಸ್ಸು ಬರಲಿಲ್ಲ. ಸುಕನ್ಯಾಳಿಗೆ ಫೋನ್ ಮಾಡಿ, ಹುಡುಗಿಯನ್ನು ಮತ್ತೆ ಕಳಿಸು, ಸರಿಯಾಗಿ ಕಲಿಸುತ್ತೇನೆ ಎಂದಳು. ಅಮೃತಾ ಒಲ್ಲೆ ಎನ್ನುತ್ತಾಳೆ, ಹಡಗಲಿಯ ಪ್ರವೀಣಕುಮಾರನ ಹತ್ತಿರ ಸೇರಿದ್ದಾಳೆ, ಶನಿವಾರ ಭಾನುವಾರ ಬಸ್ಸಿನಲ್ಲೇ ಹೋಗಿ ಬರುತ್ತಾಳೆ ಎಂದು ಸುಕನ್ಯಾ ತಿಳಿಸಿದಳು.

ಮುಂದಿನ ವರ್ಷದ ಪಂದ್ಯಾವಳಿ ಹಡಗಲಿಯಲ್ಲೇ ನಡೆಯಿತು. ಕ್ರಾಂತಿ ನಾಲ್ವರು ಹುಡುಗಿಯರನ್ನು ಕರೆದೊಯ್ದಳು. ಅವರಲ್ಲಿ ಇಬ್ಬರಿಗೆ ಒಂದೊಂದು ಸುತ್ತಿನಲ್ಲಿ ಅಮೃತಾ ಎದುರಾದಳು, ಇಬ್ಬರನ್ನೂ ಸೋಲಿಸಿದಳು. ಸೆಮಿಫೈನಲ್ಲಿನಲ್ಲಿ ಸಿಕ್ಕಿದ್ದು ಗಂಗಾಂಬಿಕಾ, ಕ್ರಾಂತಿಯ ಶಿಷ್ಯರಲ್ಲೇ ಗಟ್ಟಿಗಿತ್ತಿ. ಅಮೃತಾ ಒಂದಿಷ್ಟು ಎತ್ತರವಾಗಿದ್ದಳು, ನಗು ಕಡಿಮೆಯಾಗಿತ್ತು. ಬಲಕ್ಕೆ ಬಂದ ಸುಲಭದ ಚೆಂಡನ್ನೂ ಬೇಕೆಂದೇ ಸುತ್ತು ಹಾಕಿ ಓಡಿ, ಎಡಗಡೆಯಿಂದ ಹೊಡೆದಳು. ಅದರಿಂದ ಕೆಲವು ಅಂಕ ಕಳೆದುಕೊಂಡರೂ ಬಿಡಲಿಲ್ಲ. ಒಂದೊಂದು ಹೊಡೆತದ ನಂತರವೂ ಕ್ರಾಂತಿ ಕುಳಿತ ಕಡೆ ತಿರುಗಿ ನೋಡಿದಳು. ಗಂಗಾಂಬಿಕಾ ಸೋತು ಅಳುತ್ತ ಬಂದಳು.

ಕ್ರಾಂತಿ ಅಮೃತಾಳ ಬಳಿಗೆ ಹೋದಳು. ತಾನು ಮಾಡಿದ್ದು ತಪ್ಪು ಎಂದು ಇದ್ದುದನ್ನು ಇದ್ದ ಹಾಗೆ ಹೇಳಿದಳು. ಹುಡುಗಿ ರಾಕೆಟ್ಟನ್ನು ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತ ಕೇಳಿಸಿಕೊಂಡಳು.

"ಅದು ನನಗ ಗೊತ್ತೈತಿ ಮಿಸ್," ಎಂದಳು. "ನಿಮ್ಮ ಕಡಿಯಾಕಿ ಇನ್ನೂ ಒಬ್ಬಾಕಿ ಅದಾಳಲ್ಲ, ಫೈನಲ್ಲಿಗೆ ಬಂದಾಕಿ? ಆಕಿನ್ನೂ ಸೋಲಸ್ತೀನಿ."

ಹೇಳಿದಂತೆಯೇ ಮಧ್ಯಾಹ್ನ ಸೋಲಿಸಿದಳು. ಕ್ರಾಂತಿ ಕೊನೆಯ ಚೆಂಡಿನವರೆಗೂ ಎದ್ದು ಹೋಗದೆ ಕುಳಿತು ನೋಡಿದಳು.